‘ಇನ್‌ಸರೆಕ್ಷನ್’: ಒಂದು ಪದ ಮತ್ತು ಮೈಸೂರಿನ ಚರಿತ್ರೆ

ಆಡಳಿತದ ವಿರುದ್ಧ ಜನರು ಬಹಿರಂಗವಾಗಿ ಎದ್ದು ನಿಲ್ಲುವುದನ್ನು ಸೂಚಿಸುವ ಇಂಗ್ಲಿಷಿನ ‘ಇನ್‌ಸರೆಕ್ಷನ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ಮೇಲೇಳು’ ಎಂಬರ್ಥದ ಧಾತು. ಕ್ಷಣಿಕವಾದ ದೊಂಬಿಗಿಂತ ಇದು ಗಂಭೀರವಾದುದು. ವ್ಯವಸ್ಥೆಯನ್ನೇ ಬದಲಿಸುವ ಕ್ರಾಂತಿಗಿಂತ ಸೀಮಿತವಾದುದು. ಸೈನಿಕರು ತಮ್ಮ ಅಧಿಕಾರಿಗಳ ವಿರುದ್ಧ ತಿರುಗಿಬೀಳುವುದಕ್ಕೆ ‘ಮ್ಯೂಟಿನಿ’ ಎಂಬ ಬೇರೆಯದೇ ಪದವಿದೆ.

ಮೈಸೂರಿನ ಚರಿತ್ರೆಯಲ್ಲಿ ಈ ಪದಕ್ಕೆ ವಿಶೇಷ ಸ್ಥಾನವಿದೆ. 1830-31ರಲ್ಲಿ ನಗರ ಪ್ರಾಂತದ ರೈತರು ಕಂದಾಯದ ಹೊರೆ ಹಾಗೂ ಅಮಲ್ದಾರರ ದಬ್ಬಾಳಿಕೆಯ ವಿರುದ್ಧ ಒಟ್ಟುಗೂಡಿದರು. ನಿಗದಿತ ಮೊತ್ತವನ್ನು ಒಪ್ಪಿಸುವ ಕರಾರಿಗೆ ಅಮಲ್ದಾರರನ್ನು ಒಳಪಡಿಸಿದ್ದ ‘ಶರತ್ತು’ ಪದ್ಧತಿಯು ಈ ಹೊರೆಗೆ ಮುಖ್ಯ ಕಾರಣಗಳಲ್ಲೊಂದು. ರೈತರ ಈ ಸಭೆಗಳಿಗೆ ‘ಕೂಟ’ ಎಂಬ ಹೆಸರಿತ್ತು. ಬೂದಿ ಬಸಪ್ಪ, ತರೀಕೆರೆಯ ಪಾಳೆಯಗಾರ ಮನೆತನದವರು ಮೊದಲಾದವರು ಸೇರಿದ ಮೇಲೆ ಅದು ಸಶಸ್ತ್ರ ಹೋರಾಟವಾಯಿತು.

1831ರ ಅಕ್ಟೋಬರಿನಲ್ಲಿ ಕಂಪನಿಯು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡಿತು. ಕಾರಣಗಳ ವಿಚಾರಣೆಗೆ ನೇಮಕಗೊಂಡ ಹಾಕರ್, ಮಾರಿಸನ್, ಮೆಕ್ಲಿಯಾಡ್ ಮತ್ತು ಕಬ್ಬನ್ ಅವರ ಸಮಿತಿಯು 1833ರಲ್ಲಿ ಸಲ್ಲಿಸಿದ ವರದಿಯು ಈ ಘಟನೆಯನ್ನು ‘ಇನ್‌ಸರೆಕ್ಷನ್’ ಎಂದೇ ಕರೆಯಿತು. ‘ಕೂಟ’ವೆಂಬುದು ಸೇರಿದವರ ದೃಷ್ಟಿಯಿಂದ ಹುಟ್ಟಿದ ಪದ, ‘ಇನ್‌ಸರೆಕ್ಷನ್’ ಆಳುವವರ ದೃಷ್ಟಿಯದು. ಮೊದಲನೆಯದು ಒಗ್ಗಟ್ಟನ್ನೂ ಅಹವಾಲನ್ನೂ ಧ್ವನಿಸಿದರೆ, ಎರಡನೆಯದು ಅವಿಧೇಯತೆಯನ್ನು ಮುಂದೆ ಮಾಡುತ್ತದೆ. ದಂಗೆಯ ಪರಿಣಾಮ ನಗರ ಪ್ರಾಂತಕ್ಕೇ ಸೀಮಿತವಾಗಲಿಲ್ಲ. ಪಿರಿಯಾಪಟ್ಟಣ, ಬೆಟ್ಟದಪುರಗಳ ಸೀಮೆಯೂ ಸೇರಿದಂತೆ ಇಡೀ ಸಂಸ್ಥಾನವು 1881ರವರೆಗೆ ಕಮಿಷನರುಗಳ ಆಳ್ವಿಕೆಗೊಳಪಟ್ಟಿತು.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾಗಿ ‘ದಂಗೆ’, ‘ಬಂಡಾಯ’ಗಳು ಬಳಕೆಯಲ್ಲಿವೆ. ‘ದಂಗೆ’ಗೆ ಹಿಂದುಸ್ತಾನಿಯ ‘ದಂಗಾ’ದೊಡನೆಯೂ ‘ಬಂಡಾಯ’ಕ್ಕೆ ಮರಾಠಿಯ ‘ಬಂಡ’ದೊಡನೆಯೂ ಸಂಬಂಧವಿದೆ. ನಗರದ ಘಟನೆಯನ್ನು ‘ನಗರ ದಂಗೆ’ ಎನ್ನುವುದು ರೂಢಿ. 1858ರ ನರಗುಂದದ ಘಟನೆಯನ್ನು ‘ಬಂಡಾಯ’ವೆನ್ನಲಾಗುತ್ತದೆ. 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆ ಹಾಗೂ 1980ರ ನರಗುಂದ–ನವಲಗುಂದ ರೈತ ಬಂಡಾಯಗಳ ತರುವಾಯ ಆ ಪದಕ್ಕೆ ಅನ್ಯಾಯದ ವಿರುದ್ಧದ ನೈತಿಕ ಪ್ರತಿರೋಧವೆಂಬ ಗೌರವಾರ್ಥ ದೃಢವಾಯಿತು. ‘ದಂಗೆ’ಗೆ ಆ ಮಟ್ಟದ ಗೌರವ ಒದಗಲಿಲ್ಲ, ಅದು ಇಂದು ಗಲಭೆ ಎಂಬರ್ಥದತ್ತಲೂ ವಾಲುತ್ತದೆ.

ಆದುದರಿಂದ ದಾಖಲೆಗಳನ್ನು ಕನ್ನಡಿಸುವಾಗ ‘ಇನ್‌ಸರೆಕ್ಷನ್’ ಪದಕ್ಕೆ ಎಲ್ಲೆಡೆಯೂ ಒಂದೇ ಪರ್ಯಾಯವನ್ನು ಬಳಸುವುದು ಉಚಿತವಲ್ಲ. ವರದಿಯ ಮಾತನ್ನು ‘ದಂಗೆ’ ಎಂದು ಅನುವಾದಿಸಿದರೂ, ಅದರ ಹಿಂದಿದ್ದ ‘ಕೂಟ’ವನ್ನು ಜೊತೆಯಲ್ಲಿ ಉಳಿಸಿಕೊಂಡಾಗ ಮಾತ್ರ ರೈತರ ದನಿ ಚರಿತ್ರೆಯಲ್ಲಿ ಉಳಿಯುತ್ತದೆ.