ಬೀಡುಬಿಟ್ಟವರ ನಾಡು

ಬಳ್ಳಾರಿಗೆ ಆ ಹೆಸರು ಬಂದ ಬಗೆಯನ್ನು ಕುರಿತು ಹಿರಿಯರು ಹೇಳುವ ಕಥೆಗಳಲ್ಲಿ ಒಂದು ಹೀಗಿದೆ. ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಇಬ್ಬರು ಭಾವಮೈದುನರು ಒಂದು ಸಂಜೆ ಇಲ್ಲಿಯ ಬಂಡೆಗಳ ನಡುವೆ ತಂಗಿದರಂತೆ. ಶಿವಪೂಜೆಯಾಗದೆ ತುತ್ತು ಮುಟ್ಟೆನೆಂಬ ವ್ರತ ಭಾವನದು. ಸುತ್ತಮುತ್ತ ನೋಡಿದರೆ ಗುಡಿಯಿಲ್ಲ, ಲಿಂಗವಿಲ್ಲ. ಹಸಿವು ತಾಳಲಾರದ ಮೈದುನನು ಧಾನ್ಯ ಅಳೆಯುವ ಬಳ್ಳವನ್ನೇ ಬೋರಲು ಹಾಕಿ, ವಿಭೂತಿ ಬಳಿದು, ಹೂವೇರಿಸಿ, ‘ಇಗೋ ಭಾವ, ಲಿಂಗ’ ಎಂದು ತೋರಿಸಿದನಂತೆ. ಪೂಜೆ ಮುಗಿದು, ಊಟವಾಗಿ, ಬಳ್ಳವನ್ನು ಎತ್ತಿಕೊಳ್ಳಹೋದರೆ ಅದು ನೆಲಕ್ಕೆ ಕಚ್ಚಿಕೊಂಡು ನಿಜವಾದ ಲಿಂಗವೇ ಆಗಿಹೋಗಿತ್ತಂತೆ! ಬಲನೆಂಬ ಅಸುರನನ್ನು ಕೊಂದ ಇಂದ್ರನು ‘ಬಲಾರಿ’, ಅವನಿಂದಲೇ ಈ ಹೆಸರು ಎನ್ನುವವರುಂಟು. ಊರ ದೇವತೆ ದುರ್ಗಮ್ಮನಿಂದ ಬಂದಿತೆನ್ನುವವರೂ ಉಂಟು. ಇವುಗಳಲ್ಲಿ ಯಾವುದು ದಿಟವೆಂಬ ವಿಚಾರವನ್ನು ಪಂಡಿತರಿಗೆ ಬಿಟ್ಟರೂ, ಬಳ್ಳದ ಕಥೆಯಲ್ಲಿ ಒಂದು ಸತ್ಯ ಅಡಗಿದೆಯೆಂದು ನನಗೆ ತೋರುತ್ತದೆ. ಈ ನಾಡಿನ ಚರಿತ್ರೆಯಲ್ಲಿ ದೊಡ್ಡದೆನಿಸಿದುದೆಲ್ಲ ಒಂದು ರಾತ್ರಿಗೋ ಒಂದು ಋತುವಿಗೋ ಎಂದು ಬೀಡುಬಿಟ್ಟವರಿಂದಲೇ ಮೊದಲಾದುದು.

ತಂಗುವುದಕ್ಕೆ ಇದೇನೂ ಸುಖದ ಸ್ಥಳವಲ್ಲ. ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು ಮಳೆ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ಸಲೀಸಾಗಿ ದಾಟುವ ಬಿಸಿಲು. ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ ಎಂದು ಊರವರೇ ನಗುತ್ತಾರೆ. ಪೂರ್ವಕ್ಕೂ ಉತ್ತರಕ್ಕೂ ಕಣ್ಣು ಹರಿಯುವಷ್ಟು ದೂರ ಕರಿಯ ಎರೆಭೂಮಿ, ನಡುನಡುವೆ ಕೆಂಪು ಮಸಾರಿ. ಆ ಸಮತಲದಲ್ಲಿ ಯಾರೋ ರಾಶಿ ಹಾಕಿ ಮರೆತು ಹೋದಂತೆ ಎದ್ದು ನಿಂತ ಗ್ರಾನೈಟ್ ಗುಡ್ಡಗಳು. ಪಶ್ಚಿಮದ ಅಂಚಿಗೆ ಮಾತ್ರ ಕಬ್ಬಿಣದ ಅದಿರನ್ನು ಒಡಲಲ್ಲಿ ಹೊತ್ತ ಸಂಡೂರಿನ ಹಸಿರು ಬೆಟ್ಟಸಾಲು. ಉತ್ತರದ ಎಲ್ಲೆಯಲ್ಲಿ ತುಂಗಭದ್ರೆ ಹರಿಯುತ್ತಾಳೆ. ವರ್ಷದ ಬಹುಭಾಗ ಮರಳ ಹಾಸಿಗೆಯಾಗಿ ಮಲಗಿರುವ ಹಗರಿ, ಎಂದರೆ ವೇದಾವತಿ, ಸಿರುಗುಪ್ಪ ತಾಲ್ಲೂಕಿನಲ್ಲಿ ಅವಳನ್ನು ಸೇರುತ್ತದೆ. 2021ರಲ್ಲಿ ವಿಜಯನಗರವು ಬೇರೆ ಜಿಲ್ಲೆಯಾಗಿ, ಹಂಪಿ ಹೊಸಪೇಟೆಗಳು ಅತ್ತ ಸರಿದ ಮೇಲೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರುಗಳೆಂಬ ಐದು ತಾಲ್ಲೂಕುಗಳಷ್ಟೇ ಈ ಜಿಲ್ಲೆಗೆ ಉಳಿದುವು. ಹಂಪಿಯ ವೈಭವದ ನೆರಳಿನಲ್ಲಿ ಇದುವರೆಗೆ ಕಾಣದೆ ಹೋಗಿದ್ದ ಅನೇಕ ಸಂಗತಿಗಳನ್ನು ನೋಡುವುದಕ್ಕೆ ಇದೊಂದು ಅನುಕೂಲವೆಂದೇ ಭಾವಿಸಬೇಕು.

ಮೊದಲು ಬೀಡುಬಿಟ್ಟವರು ದನಗಾಹಿಗಳು. ಬಳ್ಳಾರಿ ನಗರದ ಹೊರವಲಯದಲ್ಲಿರುವ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳಿಗೆ 1872ರಲ್ಲಿ ಬಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂಬಾತನು ಅಲ್ಲಿ ನವಶಿಲಾಯುಗದ ಜನರ ಕಲ್ಲುಕೊಡಲಿಗಳನ್ನು ಗುರುತಿಸಿದನು. ಆ ಬಳಿಕ ಬಿ. ಸುಬ್ಬರಾವ್ ಮೊದಲಾದ ವಿದ್ವಾಂಸರು ನಡೆಸಿದ ಉತ್ಖನನಗಳಿಂದ ತಿಳಿದುಬಂದುದೇನೆಂದರೆ, ಇಂದಿಗೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯ ಜನ ದನಕುರಿಗಳನ್ನು ಸಾಕಿ, ಹುರುಳಿ, ಹೆಸರು, ಕೊರಲೆಗಳನ್ನು ಬೆಳೆದು ಬಾಳುತ್ತಿದ್ದರೆಂಬುದು. ಆ ಗುಡ್ಡಗಳಲ್ಲೊಂದಾದ ಹಿರೇಗುಡ್ಡದ ಕಪ್ಪು ಡಾಲರೈಟ್ ಶಿಲೆಯನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡುವ ಕೆಲಸ ಅಲ್ಲಿ ಒಂದು ಕಾರ್ಖಾನೆಯೋಪಾದಿಯಲ್ಲಿ ನಡೆಯುತ್ತಿತ್ತು. ಅದೇ ಶಿಲೆಯ ಕೆಲವು ಬಂಡೆಗಳನ್ನು ಗುಂಡುಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಅವುಗಳ ಮೇಲೆ ಹೊಡೆತಗಳಿಂದ ಸವೆದ ಕುಳಿಗಳಿರುವುದನ್ನು ನೋಡಿದರೆ, ಅಂದಿನ ಜನರೂ ಈ ನಾದವನ್ನು ಬಲ್ಲವರಾಗಿದ್ದರೆಂದು ಊಹಿಸಬಹುದಾಗಿದೆ. ಸುತ್ತಣ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಉದ್ದ ಕೋಡಿನ, ಹಿಣಿಲು ಎದ್ದ ಹೋರಿಗಳದೇ ಮೆರವಣಿಗೆ.

ಈ ದನಗಾಹಿಗಳು ಬಿಟ್ಟುಹೋದ ಮತ್ತೊಂದು ಗುರುತು ಬೂದಿದಿಬ್ಬ. ಕುಪ್ಪಗಲ್ಲಿನಲ್ಲಿಯೂ ಕುಡತಿನಿಯಲ್ಲಿಯೂ ಕಾಣುವ ಈ ದಿಬ್ಬಗಳನ್ನು ಹಳ್ಳಿಗರು ಭೀಮನು ಕೊಂದ ರಕ್ಕಸನ ಚಿತೆಯ ಬೂದಿಯೆಂದು ಹೇಳಿಕೊಂಡು ಬಂದರು. ಜ್ವಾಲಾಮುಖಿಯ ಬೂದಿಯಿರಬಹುದೇ ಎಂದು ಸಂದೇಹಪಟ್ಟ ಪಂಡಿತರೂ ಇದ್ದರು. ಕಡೆಗೆ ನಿರ್ಣಯವಾದ ಸಂಗತಿ ಇವೆರಡಕ್ಕಿಂತಲೂ ಸರಳವಾದುದು. ದೊಡ್ಡಿಗಳಲ್ಲಿ ತಲೆತಲಾಂತರದಿಂದ ಬಿದ್ದ ಸಗಣಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟು, ಸುಟ್ಟುದರ ಮೇಲೆ ಮತ್ತೆ ಸುಟ್ಟು ಬೆಳೆದ ರಾಶಿಗಳಿವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಡೆದ ಉತ್ಖನನದಲ್ಲಿ ಇದೇ ಯುಗದ ಜನ ಗುಡ್ಡದ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಕುರುಹುಗಳು ದೊರೆತುವು. ಫೂಟನ ಹೆಸರಿನಿಂದ ಬಳ್ಳಾರಿ ನಗರದಲ್ಲಿ ಏರ್ಪಟ್ಟಿರುವ ಸಂಗ್ರಹಾಲಯವನ್ನು ನೋಡಿಕೊಂಡು ಗುಡ್ಡಕ್ಕೆ ಹೋದರೆ ಕಲ್ಲುಗಳು ಹೆಚ್ಚು ಮಾತಾಡುತ್ತವೆ.

ದನಗಾಹಿಗಳ ತರುವಾಯ ಬಂದುದು ಸಾಮ್ರಾಜ್ಯದ ಬೀಡು. ತುಂಗಭದ್ರೆಗೆ ಸನಿಹದ ನಿಟ್ಟೂರು, ಉದೆಗೊಳ್ಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಬಂಡೆಶಾಸನಗಳು ಅಶೋಕನವು. ಆತನ ಶಾಸನಗಳಲ್ಲಿ ಬಹುಪಾಲು ‘ದೇವಾನಾಂಪ್ರಿಯ’ ಎಂಬ ಬಿರುದನ್ನಷ್ಟೇ ಹೇಳುತ್ತವೆ. ಹೆಸರು ಹೇಳುವ ಶಾಸನಗಳು ಅತಿವಿರಳ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನೆಂಬ ಹೆಸರನ್ನು ಮೊದಲು ತೋರಿಸಿಕೊಟ್ಟಿತಷ್ಟೆ. ನಿಟ್ಟೂರು ಉದೆಗೊಳ್ಳಗಳೂ ಅದೇ ಹೆಸರನ್ನು ಹೇಳಿ ಮಸ್ಕಿಯ ಮಾತಿಗೆ ಸಾಕ್ಷಿಯಾದುವು. ಪಾಟಲಿಪುತ್ರದ ಅರಸನು ತನ್ನ ನಿಜನಾಮವನ್ನು ಕಲ್ಲಿನಲ್ಲಿ ಉಳಿಸಿದುದು ಸಿರುಗುಪ್ಪದ ಸೀಮೆಯ ರೈತರು ನಿತ್ಯ ತುಳಿಯುವ ದಾರಿಯ ಪಕ್ಕದಲ್ಲೆಂಬುದು ಸಣ್ಣ ಹೆಮ್ಮೆಯಲ್ಲ.

ಬಳ್ಳಾರಿಯಿಂದ ವಾಯವ್ಯಕ್ಕೆ ಕೆಲವು ಹರಿದಾರಿ ಹೋದರೆ ಗುಡ್ಡಗಳ ತೆಕ್ಕೆಯಲ್ಲಿ ಕುರುಗೋಡು ಸಿಕ್ಕುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಸೀಮೆಗೆ ಬಲ್ಲಕುಂದೆ ನಾಡೆಂದು ಹೆಸರು. ಇದನ್ನಾಳಿದ ಸಿಂದವಂಶದ ಮಾಂಡಲಿಕರಿಗೆ ಕುರುಗೋಡೇ ನೆಲೆವೀಡು. ಹನ್ನೆರಡನೆಯ ಶತಮಾನದ ರಾಚಮಲ್ಲನೇ ಮುಂತಾದ ಸಿಂದ ಅರಸರ ಹೆಸರುಗಳು ಇಲ್ಲಿಯ ಶಾಸನಗಳಲ್ಲಿ ನಿಂತಿವೆ. ಗುಡ್ಡದ ಬುಡದಲ್ಲಿ ಅಂದಿನ ಗುಡಿಗಳು, ಕೆಲವು ಪೂಜೆಯೊಡನೆ, ಕೆಲವು ಬರಿಯ ಗಾಳಿಯೊಡನೆ, ಇನ್ನೂ ಉಳಿದಿವೆ. ಆದರೆ ಊರ ಜನರ ಮನಸ್ಸನ್ನು ಆಳುವವನು ಸಿಂದ ಅರಸನಲ್ಲ, ದೊಡ್ಡಬಸವೇಶ್ವರ. ಆಳೆತ್ತರವನ್ನು ಬಹುವಾಗಿ ಮೀರಿದ ಏಕಶಿಲೆಯ ನಂದಿ ಇಲ್ಲಿ ಶಿವನೆದುರು ಕಾದು ಕುಳಿತ ವಾಹನವಲ್ಲ, ತಾನೇ ಗರ್ಭಗುಡಿಯ ದೇವರು. ಕುಪ್ಪಗಲ್ಲಿನ ಬಂಡೆಯ ಮೇಲೆ ಹೋರಿಯನ್ನು ಕುಟ್ಟಿ ಮೂಡಿಸಿದ ಕೈಗೂ, ತೇರಿನ ದಿನ ದೊಡ್ಡಬಸಪ್ಪನಿಗೆ ಮುಗಿಯುವ ಕೈಗೂ ಸಾವಿರಾರು ವರ್ಷಗಳ ಅಂತರವುಂಟು. ಸಂಬಂಧವಿದೆಯೆಂದು ಸಾಧಿಸಲು ಯಾವ ಪ್ರಮಾಣವೂ ಇಲ್ಲ. ಆದರೂ ಎರಡನ್ನೂ ಒಂದೇ ದಿನ ನೋಡಿದವನು ಆ ಹೋಲಿಕೆಯನ್ನು ಮನಸ್ಸಿನಿಂದ ತೆಗೆದುಹಾಕಲಾರ.

ಬಳ್ಳಾರಿಯ ಕೋಟೆಯ ಕಥೆ ಬೇರೆ ಜಾತಿಯದು. ವಿಜಯನಗರದ ಅರಸರಿಗೆ ನಡೆದುಕೊಳ್ಳುತ್ತಿದ್ದ ಹನುಮಪ್ಪ ನಾಯಕನೆಂಬ ಪಾಳೆಯಗಾರನು ಬೋಳುಬಂಡೆಯ ಗುಡ್ಡದ ನೆತ್ತಿಯ ಮೇಲೆ ಮೇಲಿನ ಕೋಟೆಯನ್ನು ಕಟ್ಟಿಸಿದನು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬಳ್ಳಾರಿಯನ್ನು ವಶಪಡಿಸಿಕೊಂಡ ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನ ಸಹಾಯದಿಂದ ಕೆಳಗಿನ ಕೋಟೆಯನ್ನು ಸೇರಿಸಿದನು. ಕೆಲಸವೆಲ್ಲ ಮುಗಿದ ಮೇಲೆ, ಪಕ್ಕದ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿದ್ದು ಅಲ್ಲಿಂದ ಶತ್ರುಗಳು ಫಿರಂಗಿ ಹಾರಿಸಬಹುದೆಂಬುದು ಕಣ್ಣಿಗೆ ಬಿದ್ದು, ಹೈದರನು ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನೆಂದು ಐತಿಹ್ಯ. ಅದು ನಿಜವಾಗಿರಲಿ, ಕಟ್ಟುಕಥೆಯಾಗಿರಲಿ, ಇಂದಿಗೂ ಗುಡ್ಡ ಹತ್ತಿದವರು ಮೊದಲು ತಿರುಗಿ ನೋಡುವುದು ಕುಂಬಾರಗುಡ್ಡದ ಕಡೆಗೆ! ಆಕಾಶದತ್ತ ಮುಖ ಮಾಡಿ ಮಲಗಿದ ಮನುಷ್ಯನಂತೆ ಅದು ಕಾಣುವುದರಿಂದ ಪರದೇಶೀಯರು ಅದನ್ನು ‘ಫೇಸ್ ಹಿಲ್’ ಎಂದು ಕರೆದರು.

1792ರಲ್ಲಿ ಟಿಪ್ಪುವಿನಿಂದ ನಿಜಾಮನಿಗೂ, 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೂ ಕೈ ಬದಲಾಯಿಸಿದ ಈ ಸೀಮೆ ‘ದತ್ತಮಂಡಲ’ವೆನಿಸಿಕೊಂಡಿತು. ಥಾಮಸ್ ಮನ್ರೋ ಅದರ ಮೊದಲ ಪ್ರಧಾನ ಕಲೆಕ್ಟರನಾಗಿ, ಏಳು ವರ್ಷ ಇಲ್ಲಿದ್ದು, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಹದಗೊಳಿಸಿದನು. ಕಂಪನಿಯ ದಂಡು ಬಳ್ಳಾರಿಯಲ್ಲಿ ಬೀಡುಬಿಟ್ಟಿತು. ಕಂಟೋನ್ಮೆಂಟ್ ಎಂಬ ಇಂದಿನ ಬಡಾವಣೆಯೂ, ಅದೇ ಹೆಸರಿನ ರೈಲುನಿಲ್ದಾಣವೂ, ದಂಡಿನ ಆಶ್ರಯದಲ್ಲಿ ಬೆಳೆದ ಕೌಲ್ ಬಜಾರೂ ಆ ಬೀಡಿನ ಗುರುತುಗಳು. ಅಗಲವಾದ ರಸ್ತೆಗಳು, ನಡುವೆ ಧಾರಾಳವಾಗಿ ಬಿಟ್ಟ ಬಯಲು: ಪೇಟೆಯ ಇಕ್ಕಟ್ಟಿನಿಂದ ಬಂದವನಿಗೆ ಇದು ಬೇರೊಂದು ಊರೆನ್ನಿಸುವುದು ಸಹಜ. ದಂಡಿನೊಡನೆ ಸೆರೆಯಾಳುಗಳೂ ಬಂದರು. ಮೊದಲನೆಯ ಮಹಾಯುದ್ಧದಲ್ಲಿ ತುರ್ಕರು, ಎರಡನೆಯದರಲ್ಲಿ ಇಟಲಿಯವರು ಯುದ್ಧಕೈದಿಗಳಾಗಿ ಬಳ್ಳಾರಿಯ ಬಿಸಿಲನ್ನು ಉಂಡರು. ಇಂದು ಕಂಟೋನ್ಮೆಂಟಿನಲ್ಲಿ ಸಿಪಾಯಿಯ ಕವಾಯತಿಲ್ಲ. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬುತ್ತಿ ಕಟ್ಟಿಕೊಂಡು ಬರುವ ಹಳ್ಳಿಗರ ಸಂದಣಿಯಿದೆ. ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕೈಚಳಕವೇ ಮುಂದೆ ಬಳ್ಳಾರಿಯ ಹೆಸರಾಂತ ಜೀನ್ಸ್ ಉದ್ಯಮವಾಗಿ ಬೆಳೆಯಿತೆಂದು ಊರಿನಲ್ಲಿ ಹೇಳುವುದುಂಟು.

ದಂಡಿನ ಹಿಂದೆಯೇ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಯೇ ಕುಳಿತು ಬೈಬಲ್ಲನ್ನು ಕನ್ನಡಕ್ಕೆ ತಂದು, ಇಲ್ಲಿಯೇ ಅಚ್ಚು ಹಾಕಿಸಿದನು. ಅವನ ಜೊತೆಗಾರ ವಿಲಿಯಂ ರೀವ್ ಕನ್ನಡ ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿ 1832ರಲ್ಲಿ ಪ್ರಕಟಿಸಿದನು. ಕಿಟ್ಟೆಲ್ಲರ ಹೆಸರನ್ನು ಬಲ್ಲ ನಾವು ಅವರಿಗಿಂತ ಅರ್ಧ ಶತಮಾನಕ್ಕೂ ಹಿಂದಿನ ಈ ಬಳ್ಳಾರಿಯ ಕೋಶಕಾರನನ್ನು ಮರೆತಿದ್ದೇವೆ. ಎರಡು ಭಾಷೆಗಳ ನಡುವೆ ಬಾಳುವುದು ಈ ಊರಿಗೆ ಹೊಸದಲ್ಲ. ತೆಲುಗು ರಂಗಭೂಮಿಯಲ್ಲಿ ಪ್ರಖ್ಯಾತನಾದ ನಟ ಬಳ್ಳಾರಿ ರಾಘವನು ತನ್ನ ಹೆಸರಿನೊಡನೆ ಹೊತ್ತುಕೊಂಡು ಹೋದುದು ಈ ಊರನ್ನೇ.

ಆದರೆ ಬಳ್ಳ ಬರಿದಾದ ಕಾಲವನ್ನು ಹೇಳದೆ ಈ ನಾಡಿನ ಕಥೆ ಮುಗಿಯುವಂತಿಲ್ಲ. 1876ರಲ್ಲಿ ಮೊದಲಾದ ಧಾತು ಸಂವತ್ಸರದ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿತು; 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸರಿಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು. ಆ ಬಗೆಯ ಬರಗಳ ನೆನಪೇ ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಬೇಕೆಂಬ ಹಂಬಲವನ್ನು ಬೆಳೆಸಿತು. 1945ರಲ್ಲಿ ಅಡಿಗಲ್ಲು ಬಿದ್ದ ಜಲಾಶಯದಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಅದೇ 1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಕೂಡಿಕೊಂಡುವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಮೈಸೂರನ್ನು ಕೂಡಿಕೊಂಡ ಸಂತೋಷಕ್ಕೆ ಏರ್ಪಟ್ಟಿದ್ದ ಸಮಾರಂಭದ ಹಿಂದಿನ ರಾತ್ರಿ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದುಷ್ಕರ್ಮಿಗಳ ಆಮ್ಲದಾಳಿಗೆ ಬಲಿಯಾದರು. ಕನ್ನಡನಾಡು ಒಂದಾದ ಕಥೆಯಲ್ಲಿ ಬಳ್ಳಾರಿ ತೆತ್ತ ಬೆಲೆಯನ್ನು ಆ ಹೆಸರು ನೆನಪಿಸುತ್ತದೆ.

ನೀರಿನ ಮಹಿಮೆ ಕಾಣಬೇಕಾದರೆ ಸಿರುಗುಪ್ಪಕ್ಕೆ ಹೋಗಬೇಕು. ಸಿರಿಯ ಕುಪ್ಪೆಯೇ ಸಿರುಗುಪ್ಪವೆಂದು ಅರ್ಥ ಹೇಳುತ್ತಾರೆ. ದೇಶನೂರಿನ ನಡುಗಡ್ಡೆಯನ್ನು ತಬ್ಬಿ ಹರಿಯುವ ತುಂಗಭದ್ರೆಯ ಕವಲಿನ ದಡದಲ್ಲಿ ಕುಳಿತ ಈ ಊರಿಗೆ ವಿಜಯನಗರದ ಕಾಲದಿಂದಲೇ ಕಾಲುವೆಗಳ ಭಾಗ್ಯವಿತ್ತು. ಜಲಾಶಯವಾದ ಮೇಲೆ ಎರೆಭೂಮಿಯ ಜೋಳ ಹತ್ತಿಗಳ ಸೀಮೆಯೂ ಬತ್ತದ ಗದ್ದೆಯಾಯಿತು, ಅಕ್ಕಿಗಿರಣಿಗಳ ಸಾಲು ಎದ್ದಿತು. ಆಗ ಕೃಷ್ಣಾ ಗೋದಾವರಿಗಳ ಕರಾವಳಿಯಿಂದ ಬತ್ತದ ಕೃಷಿ ಬಲ್ಲ ರೈತರು ಬಂದು, ಹೊಲಗಳ ನಡುವೆ ಗುಡಿಸಲು ಹಾಕಿಕೊಂಡರು. ಆ ನೆಲೆಗಳಿಗೆ ‘ಕ್ಯಾಂಪು’ ಎಂದು ಹೆಸರಾಯಿತು. ಗುಡಿಸಲು ಹೋಗಿ ತಾರಸಿ ಮನೆ ಬಂದಿದೆ, ಮೂರನೆಯ ತಲೆಮಾರು ಕನ್ನಡ ಶಾಲೆಯಲ್ಲಿ ಓದಿದೆ. ಹೆಸರು ಮಾತ್ರ ಇನ್ನೂ ಕ್ಯಾಂಪೇ!

ನೀರು ಬಾರದ ಎರೆಬಯಲಿನಲ್ಲಿ ಮತ್ತೊಬ್ಬ ಅತಿಥಿಯಿದ್ದಾನೆ. ಜಗತ್ತಿನಲ್ಲಿಯೇ ತೀರ ವಿರಳವಾಗಿರುವ ಎರೆಭೂತವೆಂಬ ದೊಡ್ಡ ಹಕ್ಕಿ ಕರ್ನಾಟಕದಲ್ಲಿ ಇಂದು ಕಾಣಿಸಿಕೊಳ್ಳುವುದು ಸಿರುಗುಪ್ಪದ ಹುಲ್ಲುಬಯಲಿನಲ್ಲಿ. ಅದೂ ಕೈಬೆರಳಿಗೆ ಮೀರದ ಸಂಖ್ಯೆಯಲ್ಲಿ. ಬರಡೆಂದು ನಾವು ಕರೆಯುವ ನೆಲ ಯಾರಿಗೋ ಮನೆಯೆಂಬುದಕ್ಕೆ ಇದು ನಿದರ್ಶನ.

ಬೀಡುಬಿಟ್ಟವರೆಲ್ಲರೂ ಒಂದೇ ಬಗೆಯವರಲ್ಲ. ಸಂಡೂರಿನ ಬೆಟ್ಟಗಳಿಗೆ ಅದಿರಿಗಾಗಿ ಬಂದವರು ಗುಂಡಿಗಳನ್ನೂ ಕೆಂಧೂಳಿಯನ್ನೂ ಬಿಟ್ಟರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಳನ್ನು ನಿಲ್ಲಿಸಬೇಕಾಯಿತು. ಗುಡ್ಡ ಒಡೆಯುವ ಕಲ್ಲುಗಣಿಯ ಸದ್ದು ಕುಪ್ಪಗಲ್ಲಿನ ನಾದಶಿಲೆಗಳ ಹತ್ತಿರಕ್ಕೂ ಬಂದುದುಂಟು. ತುಂಗಭದ್ರೆಯ ಜಲಾಶಯದಲ್ಲಿಯೂ ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಒಡಲು 105ರ ಸುಮಾರಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ ಅದರ ಒಂದು ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ಗದ್ದೆಯಂಚಿನಲ್ಲಿ ನಿಂತವರ ಎದೆ ನಡುಗಿತು.

ದನಗಾಹಿ ಬೂದಿ ಬಿಟ್ಟನು, ಸಿಂದನು ಗುಡಿ ಬಿಟ್ಟನು, ದಂಡು ರಸ್ತೆ ಬಿಟ್ಟಿತು, ಕ್ಯಾಂಪಿನವನು ಗದ್ದೆ ಮಾಡಿ ತಾನೇ ಉಳಿದನು. ಕಥೆಯ ಆ ಮೈದುನನಿಗೂ ಬೆಳಗಾದರೆ ಹೊರಡುವ ಅವಸರವಿದ್ದಿರಬೇಕು; ಕಿತ್ತುಕೊಂಡು ಹೋಗಲಾಗದೆ ಬಳ್ಳವನ್ನು ಬಿಟ್ಟುಹೋದನು. ಬೋರಲು ಹಾಕಿದರೆ ಅದು ದೇವರು, ನೆಟ್ಟಗಿಟ್ಟರೆ ಅನ್ನದ ಅಳತೆ. ಬಳ್ಳಾರಿಯ ಬಿಸಿಲಿನಲ್ಲಿ ಬಾಳುವ ಜನಕ್ಕೆ ಎರಡೂ ಬೇಕಾಗಿವೆ.