ಎರಡು ಹಡಗು, ಎರಡು ಮರೆವು

ಯುದ್ಧ ಅಂದ ತಕ್ಷಣ ಟಿವಿಯವರಾದ ನಾವು ಏನು ತೋರಿಸ್ತೀವಿ ಹೇಳಿ? ಮಿಸೈಲು, ಫೈಟರ್ ಜೆಟ್ಟು, ಕಿವಿಗಡಚಿಕ್ಕುವ ಸೌಂಡ್ ಎಫೆಕ್ಟು. ಸಮುದ್ರದ ಯುದ್ಧ ಅಂದ್ರೆ ವಿಮಾನವಾಹಕ ನೌಕೆ. ಕಸ ಗುಡಿಸುವ ಹಡಗನ್ನು ಯಾರೂ ತೋರಿಸಲ್ಲ. ಸಮುದ್ರದ ತಳ ಎಷ್ಟು ಆಳದಲ್ಲಿದೆ ಅಂತ ವರ್ಷಗಟ್ಟಲೆ ಅಳೆಯುತ್ತಾ ಕೂರುವ ಹಡಗನ್ನಂತೂ ಕೇಳಲೇಬೇಡಿ. ಇವತ್ತು ನಾನು ಹೇಳಹೊರಟಿರೋದು ಅಂಥ ಎರಡು ಹಡಗುಗಳ ಕಥೆ. ಒಂದರ ಹೆಸರು ಗ್ಲೀನರ್, ಇನ್ನೊಂದರ ಹೆಸರು ಜೇಸನ್. ಎರಡೂ ಬ್ರಿಟಿಷ್ ನೌಕಾಪಡೆಯವು. ಒಂದೇ ನಮೂನೆಯ ಅಕ್ಕತಂಗಿ ಹಡಗುಗಳು.

ಗ್ಲೀನರ್ ಅನ್ನೋ ಪದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಮಾತಿದೆ ನೋಡಿ. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಉಳಿದಿರುತ್ತಲ್ಲ, ಅದನ್ನು ಬಗ್ಗಿ ಬಗ್ಗಿ ಆರಿಸಿಕೊಳ್ಳೋದಕ್ಕೆ ನಮ್ಮ ಹಳ್ಳಿಗಳಲ್ಲಿ ಹಕ್ಕಲಾಯುವುದು ಅಂತಾರೆ. ಗ್ಲೀನರ್ ಅಂದ್ರೆ ಹಕ್ಕಲಾಯುವವಳು. ಹೆಸರಿಟ್ಟವರು ಏನು ಯೋಚನೆ ಮಾಡಿ ಇಟ್ಟರೋ ಗೊತ್ತಿಲ್ಲ, ಹಡಗು ಮಾತ್ರ ಹೆಸರಿಗೆ ತಕ್ಕ ಕೆಲಸವನ್ನೇ ಮಾಡಿತು.

1930ರ ದಶಕದಲ್ಲಿ ಬ್ರಿಟನ್ ಹ್ಯಾಲ್ಸಿಯನ್ ವರ್ಗ ಅಂತ 21 ಮೈನ್‌ಸ್ವೀಪರ್ ಹಡಗುಗಳನ್ನು ಕಟ್ಟಿಸಿತು. ಉದ್ದ ಸುಮಾರು 245 ಅಡಿ. ಯುದ್ಧನೌಕೆಗಳ ಲೆಕ್ಕದಲ್ಲಿ ಚಿಕ್ಕವು. ಅವುಗಳಲ್ಲಿ ನಾಲ್ಕನ್ನು ಸಮೀಕ್ಷೆಯ ಹಡಗುಗಳಾಗಿ ಸಜ್ಜು ಮಾಡಿದರು: ಗ್ಲೀನರ್, ಜೇಸನ್, ಫ್ರಾಂಕ್ಲಿನ್, ಸ್ಕಾಟ್. ಸಮೀಕ್ಷೆ ಅಂದ್ರೆ ಏನು? ನಾವು ಜಮೀನಿನ ಸರ್ವೆ ಮಾಡಿಸ್ತೀವಲ್ಲ, ಹಾಗೆ ಸಮುದ್ರದ ಸರ್ವೆ. ಎಲ್ಲಿ ಬಂಡೆ ಇದೆ, ಎಲ್ಲಿ ಮರಳು ದಿಬ್ಬ, ಹಡಗು ಹೋಗೋದಕ್ಕೆ ಎಷ್ಟು ನೀರಿದೆ ಅಂತ ಅಳೆದು ನಕಾಶೆ ಮಾಡೋದು. ಯುದ್ಧ ಶುರುವಾದಾಗ ಸ್ಕಾಟ್ ಮತ್ತು ಫ್ರಾಂಕ್ಲಿನ್ ಅದೇ ಕೆಲಸದಲ್ಲಿ ಉಳಿದವು. ಗ್ಲೀನರ್ ಮತ್ತು ಜೇಸನ್ ಕೈಗೆ ಮಾತ್ರ ಬೇರೆ ಕೆಲಸ ಬಂತು: ಮೊದಲು ಸಬ್‌ಮರೀನ್ ಬೇಟೆ, ಆಮೇಲೆ ಮೈನ್ ಗುಡಿಸುವುದು.

ಈ ಮೈನ್ ಅನ್ನೋದು ಎಂಥ ಪೀಡೆ ಅಂತ ಸ್ವಲ್ಪ ತಿಳಿದುಕೊಳ್ಳಬೇಕು. ಹಳೇ ಕಾಲದ ಮೈನ್ ಅಂದ್ರೆ ತಂತಿ ಕಟ್ಟಿ ನೀರೊಳಗೆ ತೇಲಿಬಿಟ್ಟ ಬಾಂಬು. ಹಡಗು ತಾಗಿದರೆ ಸಿಡಿಯುತ್ತೆ. ಮೈನ್‌ಸ್ವೀಪರ್ ಹಿಂದೆ ಉದ್ದದ ಉಕ್ಕಿನ ಹಗ್ಗ ಎಳೆದುಕೊಂಡು ಹೋಗಿ ಆ ತಂತಿಯನ್ನು ಕತ್ತರಿಸುತ್ತೆ, ಬಾಂಬು ಮೇಲೆ ಬರುತ್ತೆ, ಬಂದೂಕಿನಿಂದ ಹೊಡೆದು ಮುಗಿಸ್ತಾರೆ. ಆದರೆ 1939ರಲ್ಲಿ ಜರ್ಮನರು ಹೊಸ ತರಹದ್ದು ತಂದರು. ಅದು ತೇಲೋದಿಲ್ಲ, ತಳದಲ್ಲಿ ಸುಮ್ಮನೆ ಮಲಗಿರುತ್ತೆ. ಮೇಲೆ ಕಬ್ಬಿಣದ ಹಡಗು ಹಾದುಹೋದರೆ ಸಾಕು, ಅದರ ಅಯಸ್ಕಾಂತ ಶಕ್ತಿಗೇ ಎಚ್ಚರವಾಗಿ ಸಿಡಿಯುತ್ತೆ. ಕತ್ತರಿಸೋಣ ಅಂದ್ರೆ ತಂತಿಯೇ ಇಲ್ಲ! ಕೊನೆಗೆ ಹಡಗುಗಳ ಹಿಂದೆ ವಿದ್ಯುತ್ ಕೇಬಲ್ ಎಳೆದು, ಕರೆಂಟು ಹರಿಸಿ, ಅದನ್ನು ದೂರದಿಂದಲೇ ಸಿಡಿಸುವ ಉಪಾಯ ಕಂಡುಕೊಳ್ಳಬೇಕಾಯಿತು. ಹೊಲ ಉಳುವ ಹಾಗೆ ಸಾಲು ಸಾಲಾಗಿ, ಒಂದು ಸಾಲೂ ಬಿಟ್ಟುಹೋಗದಂತೆ. ಬಿಟ್ಟ ಸಾಲಿನಲ್ಲೇ ಸಾವು ಕೂತಿರುತ್ತೆ.

ಯುದ್ಧ ಶುರುವಾದ ಮೂರೇ ತಿಂಗಳಲ್ಲಿ ಏನಾಯ್ತು ಗೊತ್ತಾ? 1939ರ ನವೆಂಬರ್ 21ರಂದು ಹೊಚ್ಚಹೊಸ ಕ್ರೂಸರ್ ಬೆಲ್‌ಫಾಸ್ಟ್ ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯಲ್ಲಿ ಮೈನ್ ಮೇಲೆ ಹಾದು ಬೆನ್ನು ಮುರಿದುಕೊಂಡಿತು. ಡಿಸೆಂಬರ್ 4ರಂದು ನೆಲ್ಸನ್ ಅನ್ನೋ ದೈತ್ಯ ಯುದ್ಧನೌಕೆಗೂ ಅದೇ ಗತಿ. ಎರಡೂ ಕಡೆ ಮೈನ್ ಇಟ್ಟು ಹೋದದ್ದು ಜರ್ಮನ್ ಸಬ್‌ಮರೀನ್‌ಗಳು. ರಾತ್ರಿ ಕಳ್ಳನ ಹಾಗೆ ಬಂದರಿನ ಬಾಗಿಲಿಗೆ ಬರೋದು, ಬಾಂಬು ಇಟ್ಟು ಹೋಗೋದು.

1940ರ ಫೆಬ್ರವರಿಯಲ್ಲಿ ಯು-33 ಅನ್ನೋ ಸಬ್‌ಮರೀನ್ ಇದೇ ಕೆಲಸಕ್ಕೆ ಜರ್ಮನಿಯಿಂದ ಹೊರಟಿತು. ಗುರಿ ಸ್ಕಾಟ್ಲೆಂಡಿನ ಪಶ್ಚಿಮದ ಕ್ಲೈಡ್ ಕೊಲ್ಲಿ. ಗ್ಲಾಸ್ಗೋ ನಗರದ ದಾರಿ ಅದು, ಬ್ರಿಟನ್ನಿನ ಹಡಗುಕಟ್ಟೆಗಳ ತವರು. ಆ ಹೊತ್ತಿಗೆ ಅಲ್ಲಿ ಕ್ವೀನ್ ಎಲಿಜಬೆತ್ ಅನ್ನೋ ಜಗತ್ತಿನ ಅತಿದೊಡ್ಡ ಪ್ರಯಾಣಿಕ ಹಡಗು ಕೂಡ ನಿಂತಿತ್ತು. ಎರಡೇ ವಾರಗಳ ನಂತರ ಅದು ಅದೇ ನೀರಿನಲ್ಲಿ ಗುಟ್ಟಾಗಿ ಹೊರಟು ನ್ಯೂಯಾರ್ಕ್ ಸೇರಬೇಕಿತ್ತು. ಆ ದಾರಿಯಲ್ಲಿ ಮೈನ್ ಬಿದ್ದಿದ್ದರೆ ಏನಾಗುತ್ತಿತ್ತು, ನೀವೇ ಲೆಕ್ಕ ಹಾಕಿ.

ಫೆಬ್ರವರಿ 12ರ ನಸುಕು. ಆರನ್ ದ್ವೀಪದ ದಕ್ಷಿಣಕ್ಕೆ ಗ್ಲೀನರ್ ಕಾವಲು ತಿರುಗುತ್ತಿತ್ತು. ಕ್ಯಾಪ್ಟನ್ ಲೆಫ್ಟಿನೆಂಟ್ ಕಮಾಂಡರ್ ಹ್ಯೂ ಪ್ರೈಸ್. ಮೂರು ಗಂಟೆ ಹೊತ್ತಿಗೆ, ನೀರೊಳಗಿನ ಸದ್ದು ಆಲಿಸಲು ಕೂತಿದ್ದವನ ಕಿವಿಗೆ ಯಾವುದೋ ಎಂಜಿನ್ನಿನ ಸದ್ದು ಬಿತ್ತು. ಮೀನಿನ ದೋಣಿಯೋ, ಭ್ರಮೆಯೋ ಅಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಹುಡುಕಿದರು, ಸರ್ಚ್‌ಲೈಟ್ ಹಾಕಿದರು, ನೀರೊಳಗಿದೆ ಅಂತ ಖಾತ್ರಿಯಾದ ಮೇಲೆ ಡೆಪ್ತ್ ಚಾರ್ಜ್ ಬೀಳಿಸಿದರು. ಡೆಪ್ತ್ ಚಾರ್ಜ್ ಅಂದ್ರೆ ಇಂತಿಷ್ಟು ಆಳಕ್ಕೆ ಹೋಗಿ ಸಿಡಿಯೋ ಡ್ರಮ್ಮಿನಂಥ ಬಾಂಬು.

ಈಗ ಒಂದು ಕ್ಷಣ ಕೆಳಗಿರೋರ ಬಗ್ಗೆ ಯೋಚಿಸಿ. 42 ಜನ. ನೀರಿನ ಆಳ ಕಡಿಮೆ, ಇನ್ನೂ ಕೆಳಗಿಳಿದು ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ತಳದಲ್ಲಿ ಉಸಿರು ಬಿಗಿಹಿಡಿದು ಕೂತರು. ಮೇಲಿನಿಂದ ಮತ್ತೆ ಏಟು. ದೀಪ ಹೋಯಿತು, ನೀರು ಸೋರತೊಡಗಿತು. ಬೆಳಗಿನ ಐದೂವರೆ ಹೊತ್ತಿಗೆ ಅವರ ಕ್ಯಾಪ್ಟನ್ ಫಾನ್ ಡ್ರೆಸ್ಕಿ ಮೇಲೆ ಬರುವ ತೀರ್ಮಾನ ಮಾಡಿದ. ಸಬ್‌ಮರೀನ್ ಕಂಡದ್ದೇ ಗ್ಲೀನರ್ ಗುಂಡು ಹಾರಿಸಿತು. ಜರ್ಮನರು ಕೈ ಎತ್ತಿಕೊಂಡು ಹೊರಬಂದಾಗ ನಿಲ್ಲಿಸಿತು. ತಮ್ಮ ಸಬ್‌ಮರೀನನ್ನು ತಾವೇ ಸಿಡಿಸಿ ಮುಳುಗಿಸಿ ಅವರೆಲ್ಲ ನೀರಿಗೆ ಹಾರಿದರು.

ಫೆಬ್ರವರಿಯ ಸ್ಕಾಟ್ಲೆಂಡ್, ಬೆಳಗಿನ ಜಾವ. ಆ ನೀರಿನ ಚಳಿ ಎಂಥದ್ದಿರಬೇಡ! ಗ್ಲೀನರ್ ಮತ್ತು ಹತ್ತಿರದ ಟ್ರಾಲರ್‌ಗಳು ಸೇರಿ ಉಳಿಸಿಕೊಂಡದ್ದು 17 ಜನರನ್ನು. 25 ಮಂದಿ ಸತ್ತರು, ಕ್ಯಾಪ್ಟನ್ ಕೂಡ. ಈ 25 ಜನ ಶತ್ರುಗಳೇ, ಮೈನ್ ಇಡಲು ಬಂದವರೇ. ಆದರೂ ಆ ಸಂಖ್ಯೆಯನ್ನು ಗೆಲುವಿನ ದನಿಯಲ್ಲಿ ಓದೋಕೆ ನನಗೆ ಮನಸ್ಸು ಬರಲ್ಲ.

ಕಥೆಯ ತಿರುವು ಇಲ್ಲಿದೆ. ಮೇಲೆ ಬರೋ ಮುಂಚೆ ಜರ್ಮನರು ತಮ್ಮ ಎನಿಗ್ಮಾ ಯಂತ್ರದ ಚಕ್ರಗಳನ್ನು ಬಿಚ್ಚಿ ಸಿಬ್ಬಂದಿಗೆ ಹಂಚಿದ್ದರು. ಈಜುವಾಗ ಒಬ್ಬೊಬ್ಬರೂ ಸಮುದ್ರಕ್ಕೆ ಎಸೆದುಬಿಡಬೇಕು, ಶತ್ರುವಿನ ಕೈಗೆ ಸಿಗಬಾರದು. ಒಬ್ಬ ಮರೆತ. ಅಷ್ಟೇ. ಅವನ ಬಟ್ಟೆಯ ಜೇಬಿನಲ್ಲಿ ಮೂರು ಚಕ್ರಗಳು ಸಿಕ್ಕವು.

ಎನಿಗ್ಮಾ ಗೊತ್ತಲ್ಲ, ಜರ್ಮನರ ಗುಪ್ತಲಿಪಿ ಯಂತ್ರ. ನೋಡೋಕೆ ಟೈಪ್‌ರೈಟರ್ ಹಾಗೆ. ಅಕ್ಷರ ಒತ್ತಿದರೆ ಒಳಗಿನ ಮೂರು ಚಕ್ರಗಳ ವೈರಿಂಗ್ ಹಾದು ಬೇರೆ ಅಕ್ಷರವಾಗಿ ಹೊರಬರುತ್ತೆ. ಪ್ರತಿ ಸಲ ಒತ್ತಿದಾಗಲೂ ಚಕ್ರ ತಿರುಗುತ್ತೆ. ಸೂಟ್‌ಕೇಸಿನ ನಂಬರ್ ಬೀಗ ಇದೆಯಲ್ಲ, ಅಂಥದ್ದು ಅಂತ ಇಟ್ಟುಕೊಳ್ಳಿ, ಆದರೆ ಒಂದೊಂದು ಚಕ್ರದಲ್ಲೂ 26 ಅಕ್ಷರ. ಇದನ್ನು ಮೊದಲು ಒಡೆದದ್ದು ಇಂಗ್ಲಿಷರಲ್ಲ. ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ ಅನ್ನೋ ಗಣಿತಜ್ಞ 1932ರಲ್ಲೇ ಒಳಗಿನ ವೈರಿಂಗನ್ನು ಲೆಕ್ಕದಿಂದಲೇ ಕಂಡುಹಿಡಿದಿದ್ದ. ಯುದ್ಧಕ್ಕೆ ಕೆಲವೇ ವಾರ ಮುಂಚೆ ಪೋಲರು ತಮಗೆ ಗೊತ್ತಿದ್ದದ್ದನ್ನೆಲ್ಲ ಬ್ರಿಟನ್ ಮತ್ತು ಫ್ರಾನ್ಸಿಗೆ ಧಾರೆಯೆರೆದು ಕೊಟ್ಟರು. ಸಿನಿಮಾಗಳಲ್ಲಿ ಇವರ ಹೆಸರು ಕೇಳೋದು ಅಪರೂಪ. 2000ದಲ್ಲಿ ಬಂದ ಯು-571 ಅನ್ನೋ ಹಾಲಿವುಡ್ ಚಿತ್ರವಂತೂ ಎನಿಗ್ಮಾ ಹಿಡಿದದ್ದೇ ಅಮೆರಿಕನ್ನರು ಅಂದುಬಿಟ್ಟಿತು!

ಸೇನೆ ಮತ್ತು ವಾಯುಪಡೆಯ ಎನಿಗ್ಮಾಗೆ ಐದು ಚಕ್ರ. ಅದರಲ್ಲಿ ಯಾವುದಾದರೂ ಮೂರನ್ನು ಯಾವ ಕ್ರಮದಲ್ಲಾದರೂ ಜೋಡಿಸಬಹುದು, ಒಟ್ಟು 60 ಬಗೆ. ಜರ್ಮನ್ ನೌಕಾಪಡೆಯದ್ದು ಇನ್ನೂ ಒಂದು ಕೈ ಮೇಲು. ಅವರ ಹತ್ತಿರ ಎಂಟು ಚಕ್ರ, ಅಂದ್ರೆ 336 ಬಗೆ. 336 ದೊಡ್ಡ ಸಂಖ್ಯೆಯೇನಲ್ಲ ಬಿಡಿ. ಕಷ್ಟ ಇದ್ದದ್ದು ಬೇರೆ ಕಡೆ. ಆರು, ಏಳು, ಎಂಟನೇ ಚಕ್ರಗಳ ಒಳಗೆ ವೈರ್ ಹೇಗೆ ಸುತ್ತಿದೆ ಅಂತಲೇ ಬ್ರಿಟಿಷರಿಗೆ ಗೊತ್ತಿರಲಿಲ್ಲ. ಬೀಗದ ನಂಬರ್ ಹುಡುಕಬಹುದು ಸ್ವಾಮಿ, ಆದರೆ ಚಕ್ರದ ಮೇಲೆ ಯಾವ ನಂಬರ್ ಬರೆದಿದೆ ಅಂತಲೇ ಗೊತ್ತಿಲ್ಲದಿದ್ದರೆ? ಯು-33ರ ಜೇಬಿನಿಂದ ಬಂದ ಮೂರರಲ್ಲಿ ಎರಡು, ಆರನೆಯದು ಮತ್ತು ಏಳನೆಯದು. ಎಂಟನೆಯದು ಅದೇ ವರ್ಷ ಆಗಸ್ಟ್‌ನಲ್ಲಿ ಸಿಕ್ಕಿತು.

ಮರುದಿನವೇ ಜರ್ಮನರ ಗುಟ್ಟೆಲ್ಲ ಬಯಲಾಯಿತು ಅಂದುಕೊಳ್ಳಬೇಡಿ. ಬ್ಲೆಚ್ಲಿ ಪಾರ್ಕ್‌ನಲ್ಲಿ ಅಲನ್ ಟ್ಯೂರಿಂಗ್ ಮತ್ತವರ ತಂಡ ಇನ್ನೂ ಒಂದು ವರ್ಷಕ್ಕೂ ಮೇಲೆ ತಲೆ ಚಚ್ಚಿಕೊಳ್ಳಬೇಕಾಯಿತು. 1941ರಲ್ಲಿ ಕ್ರೆಬ್ಸ್ ಅನ್ನೋ ಟ್ರಾಲರ್, ಆಮೇಲೆ ಮ್ಯೂನ್ಶೆನ್ ಅನ್ನೋ ಹವಾಮಾನದ ಹಡಗು, ಅದರ ಬೆನ್ನಿಗೆ ಯು-110 ಸಬ್‌ಮರೀನ್, ಇವುಗಳಿಂದ ಕೀಲಿಪಟ್ಟಿಗಳು, ಕೋಡ್ ಪುಸ್ತಕಗಳು ಸಿಕ್ಕ ಮೇಲೆಯೇ ನೌಕಾಪಡೆಯ ಸಂದೇಶಗಳನ್ನು ಹೊತ್ತಿಗೆ ಸರಿಯಾಗಿ ಓದಲು ಆದದ್ದು. ಒಂದೊಂದೇ ತೆನೆ ಆಯ್ದ ಹಾಗೆ. ಪ್ರೈಸ್‌ಗೆ ಡಿಎಸ್‌ಒ ಪದಕ ಬಂತು, ಅದು ಸಬ್‌ಮರೀನ್ ಮುಳುಗಿಸಿದ್ದಕ್ಕೆ. ಎನಿಗ್ಮಾ ಗುಟ್ಟು ಎಷ್ಟು ಬಿಗಿಯಾಗಿತ್ತು ಅಂದ್ರೆ, ಜಗತ್ತಿಗೆ ಅದು ತಿಳಿದದ್ದು 1970ರ ದಶಕದಲ್ಲಿ.

ಒಬ್ಬನ ಮರೆವು ಹೀಗೆ ಬ್ರಿಟನ್ನಿಗೆ ವರವಾಯಿತು. ಈಗ ತಂಗಿ ಹಡಗು ಜೇಸನ್ ಕಥೆಗೆ ಬನ್ನಿ. ಅಲ್ಲೂ ಒಂದು ಮರೆವು, ಈ ಸಲ ಬ್ರಿಟಿಷರದ್ದೇ.

1944ರ ಆಗಸ್ಟ್. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಎರಡೂವರೆ ತಿಂಗಳಾಗಿತ್ತು. ಲ ಹಾವ್ರ ಬಂದರು ಇನ್ನೂ ಜರ್ಮನರ ಕೈಯಲ್ಲಿತ್ತು. ವಾರ್‌ಸ್ಪೈಟ್ ಯುದ್ಧನೌಕೆ ಹತ್ತಿರ ಬಂದು ಬಂದರಿನ ಮೇಲೆ ಗುಂಡು ಹಾರಿಸಬೇಕಾದರೆ ಮೊದಲು ದಾರಿಯ ಮೈನ್ ಗುಡಿಸಬೇಕು. ಆ ಕೆಲಸ ಜೇಸನ್, ಬ್ರಿಟೊಮಾರ್ಟ್, ಹುಸಾರ್, ಸಲಮಾಂಡರ್ ಹಡಗುಗಳದ್ದು. ಎಲ್ಲವೂ ಹ್ಯಾಲ್ಸಿಯನ್ ವರ್ಗದವೇ. ಮಧ್ಯೆ ಇವರನ್ನು ಬೇರೆ ಕಡೆ ಹೋಗಿ ಅಂತ ಹೇಳಿ, ಆಮೇಲೆ ಹಳೇ ಜಾಗಕ್ಕೇ ವಾಪಸ್ ಕಳಿಸಿದರು. ಸರ್ಕಾರಿ ಕೆಲಸದಲ್ಲಿ ಇದೇನು ಹೊಸದಲ್ಲ. ಆದರೆ ವಾಪಸ್ ಕಳಿಸಿದ ಸಂದೇಶದ ಪ್ರತಿ ಆ ತೀರದ ಉಸ್ತುವಾರಿ ಹೊತ್ತ ಅಡ್ಮಿರಲ್ ಕಚೇರಿಗೆ ಹೋಗಲೇ ಇಲ್ಲ. ವಿಳಾಸಗಳ ಸಾಲಿನಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು.

ಆಗಸ್ಟ್ 27ರ ಮಧ್ಯಾಹ್ನ ಆ ಕಚೇರಿಯವರಿಗೆ ಲ ಹಾವ್ರ ಕಡೆ ಹಡಗುಗಳಿವೆ ಅಂತ ಸುದ್ದಿ ಬಂತು. ತಮ್ಮ ಕಾಗದದ ಪ್ರಕಾರ ಅಲ್ಲಿ ನಮ್ಮವರು ಯಾರೂ ಇಲ್ಲ. ಹಾಗಾದರೆ ಜರ್ಮನರೇ! ವಾಯುಪಡೆಗೆ ಹೇಳಿದರು. ರಾಕೆಟ್ ಹೊತ್ತ ಟೈಫೂನ್ ವಿಮಾನಗಳು ಬಂದವು. ವಿಮಾನಗಳ ಮುಂದಾಳಿಗೆ ಕೆಳಗಿನ ಹಡಗುಗಳನ್ನು ನೋಡಿದ ಕೂಡಲೇ ಅನುಮಾನ. ಇವು ನಮ್ಮವೇ ಇದ್ದ ಹಾಗಿದೆಯಲ್ಲ ಅಂತ ವಾಪಸ್ ಕೇಳಿದ. ಒಂದು ಸಲ ಅಲ್ಲ, ಮತ್ತೆ ಮತ್ತೆ ಕೇಳಿದ. ಹೊಡಿ ಅನ್ನೋದೇ ಉತ್ತರ. ಕಣ್ಣಿಗೆ ಕಂಡದ್ದಕ್ಕಿಂತ ಕಾಗದದಲ್ಲಿದ್ದದ್ದೇ ಗೆದ್ದಿತು.

ನಮ್ಮನ್ನು ಹೊಡೆಯುತ್ತಿರೋದು ನಮ್ಮ ವಿಮಾನಗಳೇ ಅಂತ ಜೇಸನ್ ಸಂದೇಶ ಕಳಿಸಿತು. ಆದರೂ ಪ್ರಯೋಜನವಾಗಲಿಲ್ಲ. ಬ್ರಿಟೊಮಾರ್ಟ್ ಮುಳುಗಿತು, ಹುಸಾರ್ ಮುಳುಗಿತು. ಸಲಮಾಂಡರ್‌ನ ಹಿಂಭಾಗ ಚಿಂದಿಯಾಯಿತು, ಅದನ್ನು ಶತ್ರುವಿನ ದಡದಿಂದ ದೂರಕ್ಕೆ ಜೇಸನ್ನೇ ಎಳೆದುಕೊಂಡು ಬಂತು. ಸತ್ತವರು 117 ಜನ, ಗಾಯಗೊಂಡವರು ಅದಕ್ಕಿಂತ ಹೆಚ್ಚು. ನಾಲ್ಕೂವರೆ ವರ್ಷ ಹಿಂದೆ ಯು-33ರಲ್ಲಿ ಇದ್ದವರೇ 42 ಜನ ಅನ್ನೋದು ನೆನಪಿರಲಿ.

ಉಳಿದವರಿಗೆ ಬಾಯಿಬಿಡಬೇಡಿ ಅಂತ ತಾಕೀತಾಯಿತು. ಮೂವರು ಅಧಿಕಾರಿಗಳ ಮೇಲೆ ಕೋರ್ಟ್ ಮಾರ್ಷಲ್ ನಡೆಯಿತು. ಇಬ್ಬರು ಖುಲಾಸೆ, ಒಬ್ಬರಿಗೆ ಕಟುವಾದ ಛೀಮಾರಿ. ಕಡತಗಳು ದಶಕಗಳ ಕಾಲ ಕಪಾಟಿನಲ್ಲೇ ಇದ್ದವು. ಗಂಡ ಹೇಗೆ ಸತ್ತ ಅಂತ ಸರಿಯಾಗಿ ತಿಳಿಯದೆಯೇ ಮುಪ್ಪಾದ ಹೆಂಗಸರು ಎಷ್ಟು ಜನ ಇದ್ದರೋ. ಯುದ್ಧಕಾಲದಲ್ಲಿ ಗುಟ್ಟು ಬೇಕು, ಒಪ್ಪುತ್ತೇನೆ. ಎನಿಗ್ಮಾ ಚಕ್ರದ ಗುಟ್ಟು ಉಳಿದದ್ದರಿಂದ ಹಡಗುಗಳು ಉಳಿದವು. ಆದರೆ ಯುದ್ಧ ಮುಗಿದ ಮೇಲೂ ಜೇಸನ್ನಿನ ಜೊತೆಗಾರರ ಸಾವನ್ನು ಮುಚ್ಚಿಟ್ಟದ್ದರಿಂದ ಉಳಿದದ್ದು ಯಾರ ಮಾನ? ಈ ಎರಡು ಗುಟ್ಟುಗಳನ್ನು ಒಂದೇ ತಕ್ಕಡಿಗೆ ಹಾಕೋಕೆ ನಾನು ತಯಾರಿಲ್ಲ.

21 ಹ್ಯಾಲ್ಸಿಯನ್ ಹಡಗುಗಳಲ್ಲಿ 9 ಯುದ್ಧದಲ್ಲಿ ಹೋದವು. ಗ್ಲೀನರ್ ರಷ್ಯಾದ ಕಡೆಯ ಹಿಮಸಮುದ್ರದಲ್ಲೂ ದುಡಿದು ಉಳಿದುಕೊಂಡಿತು. ಯುದ್ಧದ ನಂತರ ಜೇಸನ್ನನ್ನು ಮಾರಿದರು, ಸರಕು ಹೊರುವ ಹಡಗಾಯಿತು. 1950ರಲ್ಲಿ ಅಕ್ಕತಂಗಿ ಇಬ್ಬರೂ ಗುಜರಿಗೆ ಹೋದರು. ಯು-33ರ ಸತ್ತವರನ್ನು ಮೊದಲು ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ಹೂಳಿದ್ದರು, ಆಮೇಲೆ ಇಂಗ್ಲೆಂಡಿನ ಕ್ಯಾನಕ್ ಚೇಸ್‌ನಲ್ಲಿರುವ ಜರ್ಮನ್ ಸೈನಿಕರ ಸ್ಮಶಾನಕ್ಕೆ ಸ್ಥಳಾಂತರಿಸಿದರು. ಗ್ಲೀನರ್ ಅನ್ನೋ ಹೆಸರನ್ನು 1983ರಲ್ಲಿ ಬ್ರಿಟಿಷ್ ನೌಕಾಪಡೆ ಒಂದು ಪುಟ್ಟ ದೋಣಿಯಂಥ ಹಡಗಿಗೆ ಇಟ್ಟಿತು. 2018ರ ತನಕ ಅದು ಬಂದರುಗಳ ತಳ ಅಳೆಯುತ್ತಾ ಓಡಾಡಿಕೊಂಡಿತ್ತು.