ಹಿಮ ಕರಗಿದ ಮೇಲೆ ಹಳೆಯ ಸ್ನೋಮೊಬೈಲ್

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡಲೆಂದೇ ಮಾಡಿದ ಬಂಡಿ. ಮುಂದೆ ಚಕ್ರದ ಬದಲು ಸ್ಕೀಗಳು, ಹಿಂದೆ ಎಂಜಿನ್ನಿನ ಬಲದಿಂದ ಸುತ್ತುವ ಅಗಲವಾದ ರಬ್ಬರ್ ಪಟ್ಟಿ, ನಡುವೆ ಕಾಲು ಅಗಲಿಸಿ ಕೂರುವ ಉದ್ದನೆಯ ಸೀಟು. ಕೆನಡಾದ ಕ್ವಿಬೆಕ್, ಒಂಟಾರಿಯೊ ಪ್ರಾಂತ್ಯಗಳಲ್ಲೂ ಅಮೆರಿಕದ ಉತ್ತರದಂಚಿನ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲೂ 1960 ಮತ್ತು 70ರ ದಶಕದ ಬಂಡಿಗಳನ್ನು ಜೋಪಾನವಾಗಿಟ್ಟುಕೊಂಡು, ಪ್ರತಿ ಚಳಿಗಾಲ ಹೊರತೆಗೆದು ಓಡಿಸುವವರಿದ್ದಾರೆ. ವಿಸ್ಕಾನ್ಸಿನ್ನಿನ ಈಗಲ್ ರಿವರ್ ಪಟ್ಟಣದಲ್ಲಿ 1964ರಲ್ಲಿ ಆರಂಭವಾದ ಪ್ರಸಿದ್ಧ ಪಂದ್ಯದ ಅಂಗಳದಲ್ಲಿ ಹಳೆಯ ಬಂಡಿಗಳಿಗೆಂದೇ ಬೇರೆ ಓಟ ನಡೆಯುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಅವುಗಳ ವೇಗ, ಬಣ್ಣ, ಸದ್ದು. ಆದರೆ ಅರವತ್ತು ವರ್ಷದ ಬಂಡಿಯೊಂದು ಉಳಿಯುತ್ತದೋ ಅಳಿಯುತ್ತದೋ ಎಂಬುದು ತೀರ್ಮಾನವಾಗುವುದು ಹಿಮ ಕರಗಿದ ಮೇಲೆ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸುಮಾರು ಎಂಟು ತಿಂಗಳು ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ. ತುಕ್ಕು ಹಿಡಿಯುವುದು, ಪೆಟ್ರೋಲ್ ಅಂಟುಗಟ್ಟುವುದು, ರಬ್ಬರ್ ಬಿರಿಯುವುದು, ಇಲಿ ಸೇರಿಕೊಳ್ಳುವುದು ಎಲ್ಲ ಆ ತಿಂಗಳುಗಳಲ್ಲೇ. ಹಾಗಾಗಿ ಹಳೆಯ ಸ್ನೋಮೊಬೈಲ್‌ನ ನಿಜವಾದ ಆರೈಕೆ ಹಿಮಗಾಲದ ರಿಪೇರಿಗಿಂತ ಹೆಚ್ಚಾಗಿ ವಸಂತದ ಒಂದೆರಡು ದಿನದ ಕೆಲಸದಲ್ಲಿದೆ ಎಂಬುದು ನನ್ನ ವಾದ.

ಕೆಟ್ಟರೆ ಹೊಸ ಭಾಗ ತಂದು ಹಾಕಿದರಾಯಿತಲ್ಲ ಎಂದು ಕೇಳಬಹುದು. ಇದಕ್ಕೆ ಉತ್ತರ ಈ ಉದ್ಯಮದ ಚರಿತ್ರೆಯಲ್ಲಿದೆ. ಕ್ವಿಬೆಕ್‌ನ ವಾಲ್ಕೂರ್ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ ತನ್ನ ಪುಟ್ಟ ಮಗನನ್ನು ಕಳೆದುಕೊಂಡ. ಹಿಮದಿಂದ ದಾರಿ ಮುಚ್ಚಿ, ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಹಿಮದ ಮೇಲೆ ಓಡುವ ವಾಹನದ ಪ್ರಯೋಗಗಳನ್ನು ಅವನು ಅದಕ್ಕೂ ಮೊದಲೇ ಶುರುಮಾಡಿದ್ದ. 1937ರ ಹೊತ್ತಿಗೆ ಏಳು ಜನ ಕೂರುವ ಬಂಡಿ ಸಿದ್ಧವಾಯಿತು. ಒಬ್ಬಿಬ್ಬರು ಕೂರುವ ಹಗುರವಾದ ಸ್ಕೀ-ಡೂ ಬಂದದ್ದು 1959ರಲ್ಲಿ. ಅದೇ ದಶಕದಲ್ಲಿ ಮಿನ್ನೆಸೋಟದ ರೋಸೋ ಊರಿನಲ್ಲಿ ಪೊಲಾರಿಸ್ ಹುಟ್ಟಿಕೊಂಡಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಈ ಬಂಡಿಗೆ ಎಂಥ ಬೇಡಿಕೆ ಬಂತೆಂದರೆ 70ರ ದಶಕದ ಆರಂಭದಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಇದನ್ನು ತಯಾರಿಸುತ್ತಿದ್ದವು. ಆಮೇಲೆ ಒಂದೊಂದಾಗಿ ಮುಚ್ಚಿದವು. ಕೊನೆಗುಳಿದ ದೊಡ್ಡ ಹೆಸರುಗಳು ನಾಲ್ಕು. ಅವುಗಳಲ್ಲಿ ಯಮಾಹಾ ಕೂಡ 2025ರ ಮಾದರಿಯೇ ತನ್ನ ಕೊನೆಯದು ಎಂದು 2023ರಲ್ಲಿ ಘೋಷಿಸಿತು. ರಪ್, ಸ್ನೋ-ಜೆಟ್, ಮೋಟೋ-ಸ್ಕೀ ಹೆಸರಿನ ಬಂಡಿಗಳಿಗೆ ಇಂದು ಕಾರ್ಖಾನೆಯೇ ಇಲ್ಲ. ಬೇರಿಂಗ್, ಸೀಲ್‌ನಂಥವು ಅಳತೆ ನೋಡಿ ಹುಡುಕಿದರೆ ಸಿಗುತ್ತವೆ. ಕ್ರ್ಯಾಂಕ್‌ಶಾಫ್ಟ್, ಸಿಲಿಂಡರ್, ಮುಂಭಾಗದ ಫೈಬರ್‌ಗ್ಲಾಸ್ ಹುಡ್ ಬೇಕೆಂದರೆ ಇನ್ನೊಂದು ಹಳೆಯ ಬಂಡಿಯನ್ನೇ ಬಿಚ್ಚಬೇಕು. ಅಂದರೆ ಒಂದನ್ನು ಉಳಿಸಲು ಮತ್ತೊಂದು ಹೋಗುತ್ತದೆ.

ಇನ್ನು ಎಂಜಿನ್ನಿನ ಒಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಈ ಕಾಲದ ಬಂಡಿಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಎಂಜಿನ್ನಿನವು. ಕಾರಿನಲ್ಲಿರುವಂತೆ ಎಣ್ಣೆ ನಿಲ್ಲುವ ಪ್ರತ್ಯೇಕ ತಳ ಇವಕ್ಕಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಹಳೆಯ ಬಂಡಿಗಳಲ್ಲಿ ಇಪ್ಪತ್ತು ಪಾಲಿಗೆ ಒಂದು ಪಾಲಿನಷ್ಟು. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಬಂಕಿನಲ್ಲಿ ಅಳತೆಯಿಂದ ಆಯಿಲ್ ಹಾಕಿಸಿದ ನೆನಪಿರುತ್ತದೆ, ತತ್ವ ಅದೇ. ಈ ಮಿಶ್ರಣ ಸಿಲಿಂಡರ್ ಸೇರುವ ಮೊದಲು ಕ್ರ್ಯಾಂಕ್‌ಕೇಸ್ ಹಾದುಹೋಗುತ್ತದೆ, ದಾರಿಯಲ್ಲಿ ಬೇರಿಂಗ್‌ಗಳಿಗೆ ಎಣ್ಣೆ ಸವರುತ್ತದೆ. ಎಂಜಿನ್ ಓಡುವಷ್ಟು ಹೊತ್ತು ಇದು ಅಚ್ಚುಕಟ್ಟಾದ ಏರ್ಪಾಡು. ನಿಂತಮೇಲೆ ಉಳಿಯುವುದು ತೆಳ್ಳನೆಯ ಒಂದು ಪದರ ಮಾತ್ರ, ಅದೂ ವಾರಗಳಲ್ಲಿ ಇಳಿದುಹೋಗುತ್ತದೆ. ಮೇ ತಿಂಗಳಲ್ಲಿ ರಾತ್ರಿಯ ಚಳಿಗೆ ತಣ್ಣಗಾದ ಲೋಹದ ಮೇಲೆ ಹಗಲಿನ ಬೆಚ್ಚನೆಯ, ತೇವದ ಗಾಳಿ ತಾಗಿದಾಗ ನೀರಿನ ಹನಿ ಕಟ್ಟುತ್ತದೆ. ಸಿಲಿಂಡರಿನೊಳಗೂ ಕ್ರ್ಯಾಂಕ್‌ಕೇಸಿನೊಳಗೂ ಇದೇ ನಡೆಯುತ್ತದೆ. ಬೇರಿಂಗ್‌ನ ಉಕ್ಕಿನ ಗುಂಡಿನ ಮೇಲೆ ಸಾಸಿವೆಯಷ್ಟು ತುಕ್ಕು ಕೂತರೂ ಸಾಕು, ಮುಂದಿನ ಚಳಿಗಾಲದಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಅದು ಬೇರಿಂಗನ್ನೇ ತಿಂದುಹಾಕುತ್ತದೆ. ಇದನ್ನು ತಡೆಯಲೆಂದೇ ಫಾಗಿಂಗ್ ಆಯಿಲ್ ಬಳಸುತ್ತಾರೆ. ಎಂಜಿನ್ ಓಡುತ್ತಿರುವಾಗಲೇ ಕಾರ್ಬ್ಯುರೇಟರ್‌ನ ಬಾಯಿಗೆ ಈ ದಪ್ಪ ಎಣ್ಣೆಯನ್ನು ಸಿಂಪಡಿಸಿದರೆ ಬಿಳಿ ಹೊಗೆ ದಟ್ಟವಾಗಿ ಬಂದು ಎಂಜಿನ್ ತಾನಾಗಿ ಉಸಿರು ಕಟ್ಟಿ ನಿಲ್ಲುತ್ತದೆ. ಬಳಿಕ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಇನ್ನಷ್ಟು ಹಾಕಿ, ಸ್ಟಾರ್ಟರ್ ಹಗ್ಗವನ್ನು ಮೆಲ್ಲನೆ ನಾಲ್ಕಾರು ಬಾರಿ ಎಳೆದರೆ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಬಂಡಿಯ ವಯಸ್ಸನ್ನು ಕಾಯುವ ಕೆಲಸಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಎರಡನೆಯ ಶತ್ರು ಪೆಟ್ರೋಲೇ. ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶಗಳು ಮೊದಲು ಹೋಗಿ, ಉಳಿದದ್ದು ಕಂದು ಬಣ್ಣದ ಅಂಟಾಗುತ್ತದೆ. ಕಾರ್ಬ್ಯುರೇಟರ್‌ನ ಪೈಲಟ್ ಜೆಟ್‌ನ ತೂತು ಕೂದಲೆಳೆಯಷ್ಟು ಸಣ್ಣದು. ಅದು ಅರ್ಧ ಮುಚ್ಚಿದರೂ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗುವುದರಿಂದ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವ ಅಪಾಯ ಟೂ-ಸ್ಟ್ರೋಕ್‌ಗೆ ಹೆಚ್ಚು. ಇತ್ತೀಚಿನ ದಶಕಗಳಲ್ಲಿ ಇದರ ಮೇಲೆ ಎಥನಾಲ್ ಸೇರಿಕೊಂಡಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಶೇ. 10ರಷ್ಟು ಎಥನಾಲ್ ಇರುವ ಪೆಟ್ರೋಲಿಗೆ ಶೇ. 0.5ರಷ್ಟು ನೀರು ಸೇರಿದರೆ, ತಂಪು ಹೆಚ್ಚಿದ್ದರೆ ಅದಕ್ಕಿಂತಲೂ ಕಡಿಮೆ ಸೇರಿದರೆ, ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿ ಇರುವುದು ತಳದಲ್ಲಿ. ಅಂದರೆ ಚಳಿಗಾಲದ ಮೊದಲ ಬಾರಿ ಹಗ್ಗ ಎಳೆದಾಗ ಎಂಜಿನ್ನಿಗೆ ಸಿಗುವುದು ಎಣ್ಣೆಯ ಪಸೆಯೇ ಇಲ್ಲದ ದ್ರವ. ಅಷ್ಟು ಸಾಲದೆಂಬಂತೆ, ಎಥನಾಲ್ ಬರುವ ಕಾಲಕ್ಕೆ ಮುಂಚಿನ ರಬ್ಬರ್ ಕೊಳವೆಗಳನ್ನೂ ಟಿಲ್ಲಟ್‌ಸನ್ ಕಾರ್ಬ್ಯುರೇಟರ್‌ಗಳ ತೆಳು ಪೊರೆಗಳನ್ನೂ ಅದು ಉಬ್ಬಿಸಿ ಹಾಳುಮಾಡುತ್ತದೆ. ಮಿನ್ನೆಸೋಟದ ಕಾನೂನು ಪೆಟ್ರೋಲಿಗೆ ಎಥನಾಲ್ ಬೆರೆಸುವುದನ್ನು ಕಡ್ಡಾಯ ಮಾಡಿದರೂ, ಸಂಗ್ರಹಯೋಗ್ಯ ಹಳೆಯ ವಾಹನ, ದೋಣಿ, ಸ್ನೋಮೊಬೈಲ್, ಸಣ್ಣ ಎಂಜಿನ್‌ಗಳಿಗೆ ಬೆರಕೆಯಿಲ್ಲದ ಪೆಟ್ರೋಲ್ ಮಾರಲು ವಿನಾಯಿತಿ ಕೊಟ್ಟಿದೆ. ಅಂಥ ವಿವೇಕ ಉಳಿದೆಡೆಯೂ ಬೇಕು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿರುವ ನಮ್ಮ ನಾಡಿನಲ್ಲೂ ಹಳೆಯ ಬೈಕುಗಳನ್ನು ಉಳಿಸಿಕೊಂಡವರ ಚಿಂತೆ ಇದೇ.

ಟ್ಯಾಂಕನ್ನು ತುಂಬಿಸಿಡಬೇಕೋ ಖಾಲಿ ಮಾಡಬೇಕೋ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ಖಾಲಿ ಟ್ಯಾಂಕಿನಲ್ಲಿ ಗಾಳಿಯೊಡನೆ ತೇವ ಸೇರಿ ಒಳಗೋಡೆ ತುಕ್ಕು ಹಿಡಿಯುತ್ತದೆ ಎಂಬುದು ಒಂದು ಪಕ್ಷ. ತುಂಬಿಸಿಟ್ಟರೆ ಎಂಟು ತಿಂಗಳ ಹಳೆಯ ಪೆಟ್ರೋಲನ್ನೇ ಎಂಜಿನ್ನಿಗೆ ಕುಡಿಸಿದಂತೆ ಎಂಬುದು ಇನ್ನೊಂದು. ಎರಡೂ ಮಾತು ಸರಿಯೇ, ಆದರೆ ಎರಡು ಬೇರೆ ಬಗೆಯ ಬಂಡಿಗಳಿಗೆ. ಟ್ಯಾಂಕ್ ತಗಡಿನದಾಗಿದ್ದು ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವುದಾದರೆ, ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ ಕತ್ತಿನವರೆಗೆ ತುಂಬಿಸುವುದು ಒಳ್ಳೆಯದು. ಪ್ಲಾಸ್ಟಿಕ್ ಟ್ಯಾಂಕಾದರೆ ತುಕ್ಕಿನ ಮಾತೇ ಇಲ್ಲ, ಖಾಲಿ ಮಾಡುವುದೇ ಲೇಸು. ಸ್ಟೆಬಿಲೈಸರ್ ಹಾಕಿದ ಮೇಲೆ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರಷ್ಟೇ ಅದು ಕಾರ್ಬ್ಯುರೇಟರ್ ತಲುಪುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಬೇರ್ಪಟ್ಟು ತಳ ಸೇರಿದ ಎಥನಾಲನ್ನು ಯಾವ ಸ್ಟೆಬಿಲೈಸರೂ ಮತ್ತೆ ಬೆರೆಸಲಾರದು.

ಇನ್ನೊಂದು ಆಕ್ಷೇಪ ಸಾಮಾನ್ಯವಾಗಿ ಕೇಳಿಬರುವಂಥದ್ದು: ಇಷ್ಟೆಲ್ಲ ಏಕೆ, ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಲದೇ? ಸದುದ್ದೇಶದಿಂದ ಮಾಡುವ ಈ ಕೆಲಸ ಹಳೆಯ ಸ್ನೋಮೊಬೈಲ್‌ಗೆ ಹಾನಿಯನ್ನೇ ಮಾಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೀರ್ಘ ಓಟದಲ್ಲಿ ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಕಾದು ಆ ಆವಿಯನ್ನು ಹೊರದೂಡುತ್ತವೆ. ಐದು ನಿಮಿಷದಲ್ಲಿ ಲೋಹ ಅಷ್ಟು ಕಾಯುವುದಿಲ್ಲ, ಆವಿ ಒಳಗೇ ನೀರಾಗುತ್ತದೆ. ವಸಂತದಲ್ಲಿ ಶ್ರಮವಹಿಸಿ ಹಚ್ಚಿದ ಫಾಗಿಂಗ್ ಆಯಿಲ್ ಮೊದಲ ನಿಮಿಷದಲ್ಲೇ ಸುಟ್ಟುಹೋಗುತ್ತದೆ. ಫ್ಯಾನ್ ಇಲ್ಲದೆ ಎದುರುಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನಾದರೆ ನಿಂತಲ್ಲಿ ಓಡಿಸುವುದೇ ಅಪಾಯ. ಶೆಡ್ಡಿನಿಂದ ಅಂಗಳದವರೆಗೆ ಓಡಿಸಿ ನೋಡುವ ಆಸೆಯನ್ನೂ ಬಿಡಬೇಕು. 1970ರ ದಶಕದ ಅನೇಕ ಬಂಡಿಗಳಲ್ಲಿ ರಬ್ಬರ್ ಪಟ್ಟಿ ಜಾರುವುದು ಹಳಿಗೆ ಕೂರಿಸಿದ ಪ್ಲಾಸ್ಟಿಕ್ ಅಂಚಿನ ಮೇಲೆ. ಅದಕ್ಕೆ ಜಾರುವ ನುಣುಪನ್ನೂ ತಂಪನ್ನೂ ಕೊಡುವುದು ಹಿಮವೇ. ಸಿಮೆಂಟಿನ ಮೇಲೆ ಆ ಪ್ಲಾಸ್ಟಿಕ್ ಬಿಸಿಯಾಗಿ ಕರಗುತ್ತದೆ.

ಹೊರಗಿನ ಕೆಲಸಗಳು ಸುಲಭ, ಆದರೆ ಅಲಕ್ಷ್ಯಕ್ಕೆ ಸಿಗುವುದೂ ಅವೇ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ರಬ್ಬರ್ ಪಟ್ಟಿಯ ಬಿಗುವನ್ನು ಸಡಿಲಿಸಿದರೆ ಅದು ಒಂದೇ ಭಂಗಿಯಲ್ಲಿ ಮಡಿಕೆ ಬೀಳುವುದಿಲ್ಲ, ನೆಲದ ತೇವವೂ ತಾಗುವುದಿಲ್ಲ. ಎರಡು ಕ್ಲಚ್‌ಗಳ ನಡುವಿನ ಡ್ರೈವ್ ಬೆಲ್ಟನ್ನು ತೆಗೆದಿಡಬೇಕು. ಎಲ್ಲೆಡೆ ಎಣ್ಣೆ, ಗ್ರೀಸ್ ಸವರುತ್ತ ಬಂದವರು ಕ್ಲಚ್‌ನ ಬೆಲ್ಟ್ ತಾಗುವ ಮುಖಗಳಿಗೂ ಸವರಿಬಿಡುತ್ತಾರೆ. ಅಲ್ಲಿ ಎಣ್ಣೆಯಾದರೆ ಬೆಲ್ಟ್ ಜಾರಿ ಸುಡುತ್ತದೆ. ಚೈನ್‌ಕೇಸಿನ (ಸರಪಣಿ ಕೂರಿಸಿದ ಪೆಟ್ಟಿಗೆಯ) ಎಣ್ಣೆಯಲ್ಲಿ ಚಳಿಗಾಲದ ನೀರು ಸೇರಿರುತ್ತದೆ, ಅದನ್ನು ವಸಂತದಲ್ಲೇ ಬದಲಿಸಬೇಕು, ಡಿಸೆಂಬರ್‌ನಲ್ಲಲ್ಲ. ಹೊದಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಪ್ಲಾಸ್ಟಿಕ್ ಟಾರ್ಪಾಲು ಬಂಡಿಯನ್ನು ಮಳೆಯಿಂದ ಕಾಪಾಡಿ ತೇವದ ಕೈಗೆ ಒಪ್ಪಿಸುತ್ತದೆ. ಸೂರಿನಡಿ ಇಡಲು ಜಾಗವಿದ್ದರೆ ಗಾಳಿಯಾಡುವ ಹತ್ತಿಬಟ್ಟೆಯೇ ಸಾಕು. ಇನ್ನು ಇಲಿ. ಸೀಟಿನ ಸ್ಪಂಜು, ಗಾಳಿಪೆಟ್ಟಿಗೆ, ಸೈಲೆನ್ಸರ್ ಅದಕ್ಕೆ ಬೆಚ್ಚನೆಯ ಮನೆ. ಅದರ ಮೂತ್ರ ಅಲ್ಯುಮಿನಿಯಂ, ವೈರು ಎರಡನ್ನೂ ತಿನ್ನುತ್ತದೆ. ಸುವಾಸನೆಯ ಹಾಳೆ, ಗುಳಿಗೆಗಳನ್ನು ನಂಬುವುದಕ್ಕಿಂತ ಗಾಳಿಯ ಬಾಯಿ, ಹೊಗೆಯ ಬಾಯಿ ಎರಡಕ್ಕೂ ಗಟ್ಟಿಯಾಗಿ ಉಕ್ಕಿನ ನಾರು ತುರುಕಿ, ತೆಗೆಯಲು ಮರೆಯದಂತೆ ಹ್ಯಾಂಡಲಿಗೆ ಚೀಟಿ ಕಟ್ಟುವುದು ಮೇಲು.

ಗಂಭೀರವಾಗಿ ಎದುರಿಸಬೇಕಾದ ಆಕ್ಷೇಪವೆಂದರೆ ಪರಿಸರದ್ದು. ಹಳೆಯ ಟೂ-ಸ್ಟ್ರೋಕ್ ಎಂಜಿನ್ ತಾನು ಕುಡಿದ ಪೆಟ್ರೋಲಿನ ಕಾಲುಭಾಗದಷ್ಟನ್ನು ಉರಿಸದೆಯೇ ಹೊರಗೆ ಬಿಡುತ್ತದೆ. ಅಮೆರಿಕದಲ್ಲಿ 2006ರ ಮಾದರಿಗಳಿಂದ ಸ್ನೋಮೊಬೈಲ್‌ಗಳಿಗೆ ಹೊಗೆಯ ಮಿತಿ ಹೇರಿದ್ದು ನ್ಯಾಯವೇ. ಇಂಥ ಬಂಡಿಗಳು ದಿನನಿತ್ಯದ ಸಾರಿಗೆಯಾಗಿ ಮರಳಬೇಕೆಂದು ಯಾರೂ ಕೇಳುತ್ತಿಲ್ಲ. ವರ್ಷಕ್ಕೆ ಕೆಲವೇ ಗಂಟೆ ಓಡುವ ಬಂಡಿಯ ಹೊಗೆಯನ್ನು, ಹಿಮದಲ್ಲಿ ಸಿಲುಕಿದ ಹಳ್ಳಿಗಳ ಬದುಕನ್ನು ಬದಲಿಸಿದ ಒಂದು ಯಂತ್ರದ ಜೀವಂತ ಸಾಕ್ಷಿಯೊಡನೆ ತೂಗಿದರೆ ಉಳಿಸುವ ಕಡೆಗೇ ತಕ್ಕಡಿ ವಾಲುತ್ತದೆ ಎಂದು ನಾನು ನಂಬುತ್ತೇನೆ. ವಾಲ್ಕೂರ್‌ನಲ್ಲಿ ಬೊಂಬಾರ್ಡಿಯೆ ಹೆಸರಿನ ವಸ್ತುಸಂಗ್ರಹಾಲಯವಿದೆ, ಆದರೆ ಯಂತ್ರದ ನಡತೆ ಗೊತ್ತಾಗುವುದು ಓಡಿದಾಗ. ಹೊಣೆಯಂತೂ ಮಾಲೀಕರದೇ: ಬಸಿದ ಪೆಟ್ರೋಲ್, ಎಣ್ಣೆಯನ್ನು ಮಣ್ಣಿಗೆ ಚೆಲ್ಲದೆ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಸೋರುವ ಸೀಲ್, ಒಡೆದ ಕೊಳವೆಗಳನ್ನು ಹಾಗೇ ಬಿಟ್ಟು ಓಡಿಸಬಾರದು.

ಸೀಲ್‌ಗಳ ಪರೀಕ್ಷೆಗೆ ಸರಿಯಾದ ಕಾಲ ಶರತ್ಕಾಲ, ಮೊದಲ ಸ್ಟಾರ್ಟಿಗೆ ಮುಂಚೆ. ಕ್ರ್ಯಾಂಕ್‌ಶಾಫ್ಟ್‌ನ ಎರಡು ತುದಿಗಳ ರಬ್ಬರ್ ಸೀಲ್ ಒಣಗಿ ಬಿರಿದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಹೊರಗಿನಿಂದ ಇದು ಕಾಣುವುದಿಲ್ಲ. ಗಾಳಿಯ ಬಾಯಿ, ಹೊಗೆಯ ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ, ಕೈಪಂಪಿನಿಂದ ಚದರ ಇಂಚಿಗೆ 6–7 ಪೌಂಡ್ ಒತ್ತಡ ಕೊಟ್ಟು ಕೆಲವು ನಿಮಿಷ ಒತ್ತಡಮಾಪಕದ ಮುಳ್ಳನ್ನು ಗಮನಿಸಬೇಕು. ಮುಳ್ಳು ನಿಂತಲ್ಲೇ ನಿಂತರೆ ಹಗ್ಗ ಎಳೆಯಬಹುದು. ಇಳಿಯತೊಡಗಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಹುಡುಕಿ, ಅಲ್ಲಿನ ಸೀಲನ್ನು ಬದಲಿಸಿದ ಮೇಲೆಯೇ ಬಂಡಿಯನ್ನು ಹಿಮಕ್ಕೆ ಇಳಿಸಬೇಕು.